ಕತ್ತಿನ ಗಂಟು, ಉಬ್ಬಿದ ಟಾನ್ಸಿಲ್

ಕೇಳುಗರಿಗೆ ನಮಸ್ಕಾರ.

ಪುಟ್ಟ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಕತ್ತಿನಲ್ಲಿ ಗಂಟು ಸಿಕ್ಕಿತು ಎಂದು ಬರುವ ತಾಯಂದಿರು, ಅಜ್ಜಿಯರು ಮಕ್ಕಳ ವೈದ್ಯರಿಗೆ ಹೊಸಬರಲ್ಲ. ಬಾಯಿ ತೆರೆಸಿ ನೋಡಿದೆವು, ಟಾನ್ಸಿಲ್ ಕೂಡ ಉಬ್ಬಿದೆ ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ, "ಅದಲ್ಲ ತಾನೇ ಡಾಕ್ಟರೇ?" ಎಂದು ಕೇಳುತ್ತಾರೆ. ಆ 'ಅದು' ಕ್ಯಾನ್ಸರ್. ಹೆಸರು ಹಿಡಿದೇ ಮಾತನಾಡೋಣ, ಹೇಳದೆ ಬಿಟ್ಟರೆ ಭಯ ಹೆಚ್ಚುತ್ತದೆ. ಅಂಥ ಮಕ್ಕಳಲ್ಲಿ ಬಹುಪಾಲು ಮಂದಿಗೆ ಅದಲ್ಲ. ಆದರೆ ಯಾವ ಮಗುವಿನಲ್ಲಿ ಇನ್ನಷ್ಟು ಪರೀಕ್ಷೆ ಬೇಕು ಎಂಬುದನ್ನು ಗಂಟಿನ ಗಾತ್ರವೊಂದೇ ಹೇಳುವುದಿಲ್ಲ. ಅದು ಇರುವ ಜಾಗ, ಬೆಳೆಯುವ ರೀತಿ, ಮಗುವಿನ ಊಟ, ಆಟ, ನಿದ್ರೆ ಹೇಳುತ್ತವೆ.

ನಮ್ಮ ದೇಹದಲ್ಲಿ ಸುಮಾರು 600 ದುಗ್ಧರಸ ಗ್ರಂಥಿಗಳಿವೆ. ಅವುಗಳಲ್ಲಿ ಬಹಳಷ್ಟು ಇರುವುದು ತಲೆ ಮತ್ತು ಕತ್ತಿನ ಭಾಗದಲ್ಲಿ. ಮೂಗು, ಬಾಯಿ, ಗಂಟಲಿನ ಮೂಲಕ ನುಗ್ಗುವ ರೋಗಾಣುಗಳನ್ನು ಇವು ಎದುರಿಸುತ್ತವೆ. ಅಂಗನವಾಡಿಗೋ ಶಿಶುವಿಹಾರಕ್ಕೋ ಹೋಗಲು ಆರಂಭಿಸಿದ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಬರುವುದು ಸಹಜ. ಒಂದು ನೆಗಡಿಯಿಂದ ಊದಿದ ಗ್ರಂಥಿ ಇಳಿಯಲು ಕೆಲವು ವಾರಗಳೇ ಬೇಕು, ಅಷ್ಟರಲ್ಲಿ ಮುಂದಿನ ನೆಗಡಿ ಬಂದಿರುತ್ತದೆ. ಹಾಗಾಗಿ ಕತ್ತಿನ ಎರಡೂ ಬದಿಯಲ್ಲಿ ಬಟಾಣಿ ಕಾಳಿನಷ್ಟು ದೊಡ್ಡದಾದ, ಮೆತ್ತಗಿರುವ, ಬೆರಳಿನಡಿ ಜಾರುವ ಗಂಟುಗಳು ತಿಂಗಳುಗಟ್ಟಲೆ ಕೈಗೆ ಸಿಗುತ್ತವೆ. ಒಂದು ಸೆಂಟಿಮೀಟರ್‌ವರೆಗಿನ ಇಂಥ ಗಂಟುಗಳನ್ನು ಸಹಜವೆಂದೇ ನಾವು ಎಣಿಸುತ್ತೇವೆ. ದಿನಕ್ಕೆ ಹತ್ತು ಸಲ ಒತ್ತಿ ಒತ್ತಿ ನೋಡಬೇಡಿ. ಹದಿನೈದು ದಿನಕ್ಕೊಮ್ಮೆ ನೋಡಿದರೆ ಸಾಕು, ವ್ಯತ್ಯಾಸ ತಿಳಿಯುವುದೂ ಆಗಲೇ.

ಗಂಟು ಎಲ್ಲಿದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ತಲೆಯ ಹಿಂಬದಿಯಲ್ಲಿದ್ದರೆ ಕೂದಲು ಸರಿಸಿ ನೋಡಿ, ಹೇನೋ ಕಜ್ಜಿಯೋ ಕಾಣಬಹುದು. ದವಡೆಯ ಕೆಳಗಿದ್ದರೆ ಹುಳುಕು ಹಲ್ಲು ಹುಡುಕಿ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಕ್ಕಳಲ್ಲಿ ಇದು ಬಹಳ. ಎಡ ಕಂಕುಳಲ್ಲಿದ್ದರೆ, ಹುಟ್ಟಿದಾಗ ಎಡತೋಳಿಗೆ ಹಾಕಿದ ಬಿಸಿಜಿ ಲಸಿಕೆಯನ್ನು ನೆನಪಿಸಿಕೊಳ್ಳಿ. ಕೆಲವು ಮಕ್ಕಳಲ್ಲಿ ಅಲ್ಲಿನ ಗ್ರಂಥಿ ಊದುತ್ತದೆ, ಸಾಮಾನ್ಯವಾಗಿ ತಾನೇ ಇಳಿಯುತ್ತದೆ; ಅದನ್ನು ಚುಚ್ಚಬಾರದು, ಹಿಸುಕಬಾರದು. ಆದರೆ ಕೊರಳೆಲುಬಿನ ಮೇಲ್ಗಡೆ ಗಂಟು ಸಿಕ್ಕಿದರೆ ಅದು ಎಷ್ಟೇ ಚಿಕ್ಕದಿರಲಿ, ತಡಮಾಡದೆ ವೈದ್ಯರಿಗೆ ತೋರಿಸಿ. ಗಂಟಿನ ಮೇಲೆ ಸುಣ್ಣ ಅರಿಶಿನ ಮೆತ್ತಿದರೆ ಎಳೆಯ ಚರ್ಮ ಸುಡುತ್ತದೆ. ದೃಷ್ಟಿ ತೆಗೆಯುವುದಕ್ಕೆ ನನ್ನ ಅಭ್ಯಂತರವಿಲ್ಲ, ಬರೆ ಹಾಕುವುದಕ್ಕೆ ಖಂಡಿತ ಇದೆ.

ಈಗ ಟಾನ್ಸಿಲ್. ಗಂಟಲಿನ ಎರಡು ಪಕ್ಕಗಳಲ್ಲಿರುವ ಇವು ಹುಟ್ಟಿನಿಂದಲೇ ಇರುವ ಅಂಗಗಳು. ಮೂರರಿಂದ ಏಳು ವರ್ಷದೊಳಗೆ ಇವು ಗಂಟಲಿನ ಅಳತೆಗೆ ತೀರ ದೊಡ್ಡದೆನಿಸುವಷ್ಟು ಬೆಳೆದು, ಹರೆಯ ಬರುವ ಹೊತ್ತಿಗೆ ಕುಗ್ಗುತ್ತವೆ. ಮೊಬೈಲ್ ಟಾರ್ಚ್ ಹಿಡಿದು ಅಳುವ ಮಗುವಿನ ಬಾಯೊಳಗೆ ಇಣುಕಿದರೆ ಇನ್ನೂ ದೊಡ್ಡದಾಗಿ ಕಾಣುತ್ತವೆ, ಏಕೆಂದರೆ ಓಕರಿಕೆ ಬಂದಾಗ ಎರಡೂ ಮಧ್ಯಕ್ಕೆ ಸರಿಯುತ್ತವೆ.

ನೋಟ ವೈದ್ಯರನ್ನೂ ಹೇಗೆ ಮೋಸಗೊಳಿಸುತ್ತದೆ ಎಂಬುದಕ್ಕೆ ನ್ಯೂಯಾರ್ಕ್‌ನ ಒಂದು ಹಳೆಯ ಸಮೀಕ್ಷೆ ಇದೆ. 1934ರಲ್ಲಿ ಪ್ರಕಟವಾದದ್ದು. ಅಲ್ಲಿ 11 ವರ್ಷದ 1000 ಶಾಲಾ ಮಕ್ಕಳನ್ನು ನೋಡಿದಾಗ 611 ಮಕ್ಕಳ ಟಾನ್ಸಿಲ್ ಅಷ್ಟರಲ್ಲಾಗಲೇ ತೆಗೆಸಲಾಗಿತ್ತು. ಉಳಿದ 389 ಮಕ್ಕಳನ್ನು ವೈದ್ಯರ ಮುಂದೆ ನಿಲ್ಲಿಸಿದರೆ 174 ಮಕ್ಕಳಿಗೆ ತೆಗೆಯಬೇಕು ಎಂದರು. ಬೇಡ ಎನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದರು. ಅವರು 99 ಮಕ್ಕಳನ್ನು ಆರಿಸಿದರು. ಎರಡು ಸಲ ಪಾರಾದ 116 ಮಕ್ಕಳನ್ನು ಮತ್ತೊಂದು ತಂಡ ನೋಡಿ ಅರ್ಧಕ್ಕೆ ಸಮೀಪದಷ್ಟು ಮಕ್ಕಳಿಗೆ ಕತ್ತರಿ ಬೇಕೆಂದಿತು. ಇನ್ನೊಂದೆರಡು ತಂಡಗಳಿದ್ದರೆ ಊರಿನಲ್ಲಿ ಒಂದು ಟಾನ್ಸಿಲ್ ಕೂಡ ಉಳಿಯುತ್ತಿರಲಿಲ್ಲವೇನೋ!

ಈಗ ಲೆಕ್ಕ ಬದಲಾಗಿದೆ. ಒಂದೇ ವರ್ಷದಲ್ಲಿ ಏಳು ಸಲ, ಇಲ್ಲವೇ ಎರಡು ವರ್ಷ ಸತತವಾಗಿ ವರ್ಷಕ್ಕೆ ಐದು ಸಲ, ಇಲ್ಲವೇ ಮೂರು ವರ್ಷ ಸತತವಾಗಿ ವರ್ಷಕ್ಕೆ ಮೂರು ಸಲ ಜ್ವರ ಸಹಿತ ಗಂಟಲು ಬೇನೆ ಬಂದಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಪ್ರತಿ ಸಲವೂ ವೈದ್ಯರು ನೋಡಿ ಬರೆದಿಟ್ಟಿರಬೇಕು. ನೆಗಡಿಯನ್ನೆಲ್ಲ ಇದರಲ್ಲಿ ಸೇರಿಸುವಂತಿಲ್ಲ.

ಪುಟ್ಟ ಮಕ್ಕಳಲ್ಲಿ ಇದಕ್ಕಿಂತ ಮುಖ್ಯವಾದ ಕಾರಣ ರಾತ್ರಿಯ ಉಸಿರಾಟ. ಮಗು ಪ್ರತಿ ರಾತ್ರಿ ಗೊರಕೆ ಹೊಡೆಯುತ್ತದೆಯೇ? ನಡುವೆ ಉಸಿರು ಕೆಲವು ಕ್ಷಣ ನಿಂತು, ಆಮೇಲೆ ಬೆಚ್ಚಿದಂತೆ ಎಳೆದುಕೊಳ್ಳುತ್ತದೆಯೇ? ಬೆವರುತ್ತದೆಯೇ, ಕತ್ತನ್ನು ಹಿಂದಕ್ಕೆ ಚಾಚಿ ಬಾಯಿ ತೆರೆದು ಮಲಗುತ್ತದೆಯೇ, ತೂಕ ಏರುತ್ತಿಲ್ಲವೇ? ಇಂಥ ಮಗುವಿಗೆ ಟಾನ್ಸಿಲ್, ಜೊತೆಗೆ ಮೂಗಿನ ಹಿಂದಿನ ಅಡಿನಾಯ್ಡ್ ತೆಗೆದರೆ ನಿದ್ರೆಯೂ ಬೆಳವಣಿಗೆಯೂ ಸುಧಾರಿಸುವುದುಂಟು. ಮೊಬೈಲ್‌ನ ನಿಜವಾದ ಉಪಯೋಗ ಇಲ್ಲಿದೆ. ಮಲಗಿರುವಾಗ ಎರಡು ನಿಮಿಷ ವಿಡಿಯೊ ಮಾಡಿ ತನ್ನಿ, ಗಂಟಲಿನ ಫೋಟೊಗಿಂತ ಅದು ಹೆಚ್ಚು ಹೇಳುತ್ತದೆ.

ಔಷಧಿಯ ವಿಷಯದಲ್ಲಿ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಮೂರು ವರ್ಷದೊಳಗಿನ ಮಕ್ಕಳ ಗಂಟಲು ಬೇನೆ ಬಹುತೇಕ ವೈರಸ್‌ನದು, ಆ್ಯಂಟಿಬಯೋಟಿಕ್‌ಗೆ ಅಲ್ಲಿ ಕೆಲಸವಿಲ್ಲ. ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರಕ್ಕೆ ದಾರಿ ಮಾಡುವ ಸ್ಟ್ರೆಪ್ಟೋಕಾಕಸ್ ಸೋಂಕು ಹೆಚ್ಚಾಗಿ ಐದು ವರ್ಷ ದಾಟಿದ ಮಕ್ಕಳದು. ಅದಕ್ಕೆ ವೈದ್ಯರು ಔಷಧಿ ಬರೆದರೆ ಅರ್ಧಕ್ಕೆ ನಿಲ್ಲಿಸಬೇಡಿ. ಇನ್ನು ಅಂಗಡಿಯಲ್ಲಿ ಕೇಳಿ ಸ್ಟಿರಾಯ್ಡ್ ಸಿರಪ್ ಕುಡಿಸುವುದು ನಿಜಕ್ಕೂ ಅಪಾಯ. ಗಂಟು ಎರಡೇ ದಿನದಲ್ಲಿ ಕರಗುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ರಕ್ತದ ಕ್ಯಾನ್ಸರ್ ಇದ್ದರೆ ಅದು ಕೂಡ ಕೆಲಕಾಲ ಮರೆಯಾಗಿ, ರೋಗ ಪತ್ತೆ ತಡವಾಗುತ್ತದೆ.

ಗಂಟು ಎರಡು ಸೆಂಟಿಮೀಟರ್ ದಾಟಿದರೆ, ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ, ಕಲ್ಲಿನಂತೆ ಗಟ್ಟಿಯಾಗಿ ಕದಲದಿದ್ದರೆ, ಮಗು ಬಿಳಿಚಿಕೊಂಡು ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳು ಕಂಡರೆ, ಒಂದೇ ಬದಿಯ ಟಾನ್ಸಿಲ್ ದೊಡ್ಡದಾಗುತ್ತಾ ಹೋದರೆ ತೋರಿಸಿ. ಐದು ದಿನವಾದರೂ ಇಳಿಯದ ಜ್ವರದ ಜೊತೆ ಕಣ್ಣು, ತುಟಿ ಕೆಂಪಾಗಿದ್ದರೆ ಅದೇ ದಿನ ತೋರಿಸಿ. ಹೃದಯದ ರಕ್ತನಾಳಕ್ಕೆ ಪೆಟ್ಟು ಕೊಡುವ ಕವಾಸಾಕಿ ಕಾಯಿಲೆ ಹೀಗೆ ಬರುತ್ತದೆ. ಹಲವು ಗಂಟುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿದ ಕೆಮ್ಮಿದ್ದರೆ ಮುಚ್ಚಿಡಬೇಡಿ. ಅದು ಕ್ಷಯವಿರಬಹುದು. ಕ್ಷಯಕ್ಕೆ ಪರೀಕ್ಷೆಯೂ ಔಷಧಿಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಮಗು ಪೂರ್ತಿ ಗುಣವಾಗುತ್ತದೆ.

ಕೊನೆಯದಾಗಿ, ಕಾಯಬಾರದ ಸ್ಥಿತಿ. ಜ್ವರದಲ್ಲಿರುವ ಮಗು ಎಂಜಲು ನುಂಗಲಾಗದೆ ಜೊಲ್ಲು ಸುರಿಸುತ್ತಿದೆ, ದನಿ ಹೂತುಹೋಗಿದೆ, ಉಸಿರೆಳೆದಾಗ ಕರ್ಕಶ ಸದ್ದು ಬಂದು ಎದೆಗೂಡು ಒಳಗೆ ಹೋಗುತ್ತಿದೆ, ಅಥವಾ ಇಡೀ ಕತ್ತು ಊದಿಕೊಂಡಿದೆ. ಲಸಿಕೆ ತಪ್ಪಿದ ಮಕ್ಕಳಲ್ಲಿ ಗಂಟಲಮಾರಿ ಅಂದರೆ ಡಿಫ್ತೀರಿಯಾ ಈಗಲೂ ಬರುತ್ತದೆ. ಅದರ ಲಸಿಕೆಯ, 16ರಿಂದ 24 ತಿಂಗಳ ನಡುವಿನ ಬೂಸ್ಟರ್ ಹಾಕಿಸಿದ್ದೀರಾ ಎಂದು ತಾಯಿ ಕಾರ್ಡ್ ತೆಗೆದು ನೋಡಿ, ಆಸ್ಪತ್ರೆಗೆ ಹೊರಡುವಾಗ ಆ ಕಾರ್ಡ್ ಜೊತೆಗಿರಲಿ. ಚಮಚದಿಂದ ನಾಲಗೆ ಒತ್ತಿ ಗಂಟಲು ನೋಡಲು ಹೋಗಬೇಡಿ, ಗಾಬರಿಯಾಗಿ ಅತ್ತರೆ ಉಸಿರು ಇನ್ನಷ್ಟು ಕಟ್ಟಬಹುದು. ಮಗು ಹೇಗೆ ಕೂತರೆ ಆರಾಮವೋ ಹಾಗೆಯೇ ಮಡಿಲಲ್ಲಿ ಕೂರಿಸಿಕೊಂಡು 108ಕ್ಕೆ ಕರೆ ಮಾಡಿ. ನಮಸ್ಕಾರ.