ಮುಂದೆ ಹೋದ ಕಾಲಾಳು

ನಮಸ್ಕಾರ ಕೇಳುಗರೇ. ಮನೆಯಲ್ಲಿ ಚೆಸ್ ಬೋರ್ಡ್ ಇದ್ದರೆ ಮುಂದೆ ಇಟ್ಟುಕೊಂಡೇ ಕೇಳಿ.

ಮುಂಬೈಯ ಮಾಟುಂಗದಲ್ಲಿ ನಾವು ಕೆಲವು ಕನ್ನಡದವರು ಭಾನುವಾರ ಸೇರಿ ಆಡುತ್ತೇವೆ. ಮರಾಠಿ ಗೆಳೆಯರೂ ಬರುತ್ತಾರೆ. ನಮ್ಮ ಆನೆ ಅವರಿಗೆ ಹತ್ತಿ, ನಮ್ಮ ಒಂಟೆ ಅವರಿಗೆ ಉಂಟ್. ತಪ್ಪು ಮಾತ್ರ ಎಲ್ಲರದೂ ಒಂದೇ. ಕಾಲಾಳನ್ನು ಸುಮ್ನೆ ತಳ್ಳುವುದು. ಆನೆ, ಕುದುರೆ, ಮಂತ್ರಿ ಎಲ್ಲ ವಾಪಸ್ ಬರಬಹುದು, ಕಾಲಾಳು ಬರುವುದಿಲ್ಲ. ಅದು ದಾಟಿ ಹೋದ ಮೇಲೆ ಅದರ ಕಾವಲಿನ ಮನೆಗಳು ಬರಿದಾಗುತ್ತವೆ. ಇನ್ಯಾವ ಕಾಲಾಳೂ ಕಾಯಲಾಗದ ಮನೆಯೇ ದುರ್ಬಲ ಮನೆ.

ಹೋದ ತಿಂಗಳು ನನ್ನದು ಕಪ್ಪು ಕಾಯಿ, ಬಿಳಿಯ ಇ ಕಾಲಾಳಿಗೆ ಉತ್ತರವಾಗಿ ಕಪ್ಪು ಸಿ ಕಾಲಾಳು ತಳ್ಳುವ ಸಿಸಿಲಿಯನ್ ಆಟ. ಬಿಳಿಯ ಕಡೆಯಿಂದ ನೋಡಿದರೆ ಉದ್ದ ಸಾಲುಗಳು ಎಡದಿಂದ ಎ, ಬಿ, ಸಿ ಅಂತ, ಮನೆಗಳು ಕೆಳಗಿನಿಂದ 1, 2, 3 ಅಂತ. ಬಿಳಿಯ ಡಿ ಕಾಲಾಳಿಗೆ ಬದಲಾಗಿ ನನ್ನ ಸಿ ಕಾಲಾಳು ಹೋಗಿತ್ತು. ಡಿ4ರಲ್ಲಿದ್ದ ಕುದುರೆಯನ್ನು ಓಡಿಸಬೇಕು ಅಂತ ಇ5 ತಳ್ಳಿದೆ. ಕುದುರೆ ಓಡಿತು, ಖುಷಿಯೂ ಆಯಿತು, ಆದರೆ ಡಿ5 ಮನೆ ಕಾಯಲು ನನಗೆ ಒಂದು ಕಾಲಾಳೂ ಉಳಿಯಲಿಲ್ಲ. ಎದುರು ಕೂತವರು ಅವಸರ ಮಾಡಲಿಲ್ಲ. ಒಂಟೆಯನ್ನು ಜಿ5ಕ್ಕೆ ತಂದು, ಆ ಮನೆಗೆ ಕಣ್ಣಿಟ್ಟಿದ್ದ ನನ್ನ ಎಫ್6 ಕುದುರೆಯನ್ನು ಹೊಡೆದರು, ನಾನು ಒಂಟೆಯಲ್ಲಿ ತಿರುಗಿ ಹೊಡೆದೆ, ಅವರ ಕುದುರೆ ಡಿ5ರಲ್ಲಿ ಬಂದು ಕೂತಿತು. ಆಮೇಲೆ ಏಳಲೇ ಇಲ್ಲ. ಮೊದಲು ಕಾವಲು ತೆಗೆಯುವುದು, ಆಮೇಲೆ ಕೂರುವುದು. ಅವರ ಆಟದಲ್ಲಿ ನನಗೆ ತುಂಬಾ ಹಿಡಿಸಿದ್ದು ಈ ತಾಳ್ಮೆ.

ಹಾಗಂತ ಇ5 ಕೆಟ್ಟ ನಡೆಯಲ್ಲ. ಸಿಸಿಲಿಯನ್‌ನ ಒಂದು ಬಗೆಯಾದ ನಾಯ್ಡಾರ್ಫ್‌ನಲ್ಲಿ ದೊಡ್ಡ ಆಟಗಾರರೇ ಆಡುತ್ತಾರೆ. ಯಾಕಂದರೆ ಸಿ ಕಾಲಾಳು ಹೋದ ಜಾಗದಲ್ಲಿ ಕಪ್ಪು ಆನೆಗೆ ದಾರಿ ಸಿಕ್ಕಿರುತ್ತದೆ. ನಾನು ಆನೆಯನ್ನು ಸಿ8ಕ್ಕೆ ತರದೆ ರಾಜನ ಪಕ್ಕದಲ್ಲೇ ಬಿಟ್ಟಿದ್ದೆ. ಸೋತದ್ದು ಅದಕ್ಕೇ ಅಂತ ಈಗ ಅನಿಸುತ್ತದೆ.

ಒಂದು ಉದ್ದ ಸಾಲಿನಲ್ಲಿ ಎರಡೂ ಕಡೆಯ ಕಾಲಾಳು ಇಲ್ಲದಿದ್ದರೆ ಅದು ಪೂರ್ತಿ ತೆರೆದ ಸಾಲು. ಅಲ್ಲಿಗೆ ಮೊದಲು ಬಂದವರಿಗೆ ಬಲ ಜಾಸ್ತಿ, ಆದರೆ ದಾರಿಯೊಂದೇ ಸಾಲದು, ಅದರ ತುದಿಯಲ್ಲಿ ಒಳಹೊಕ್ಕು ನಿಲ್ಲಲು ಒಂದು ಮನೆ ಬೇಕು, ಅಲ್ವಾ? 1930ರಲ್ಲಿ ಇಟಲಿಯ ಸಾನ್ ರೆಮೊದಲ್ಲಿ ಆಗಿನ ವಿಶ್ವ ಚಾಂಪಿಯನ್ ಅಲೆಖಿನ್ ಸಿ ಸಾಲಿನಲ್ಲಿ ಎರಡು ಆನೆ ಮುಂದೆ, ಮಂತ್ರಿ ಹಿಂದೆ ನಿಲ್ಲಿಸಿದರು. ಎದುರಿಗಿದ್ದವರು ನಿಮ್ಜೊವಿಚ್, ತೆರೆದ ಸಾಲಿನ ಪಾಠವನ್ನು ಜಗತ್ತಿಗೆ ಹೇಳಿಕೊಟ್ಟವರು. ಅವರ ಕಾಯಿಗಳೆಲ್ಲ ಆ ಒಂದು ಸಾಲನ್ನು ಕಾಯುವುದರಲ್ಲೇ ಸಿಕ್ಕಿಬಿದ್ದವು. ಅಲೆಖಿನ್ 30ನೇ ನಡೆಯಲ್ಲಿ ಒಂದು ಸಣ್ಣ ಕಾಲಾಳು ತಳ್ಳಿದರು, ನಿಮ್ಜೊವಿಚ್ ಸೋಲು ಒಪ್ಪಿಕೊಂಡರು. ಈ ಆಟವನ್ನು ದಯವಿಟ್ಟು ಬೋರ್ಡಿನ ಮೇಲೆ ಆಡಿ ನೋಡಿ.

ಬರುವ ಭಾನುವಾರ ನನಗೆ ಮತ್ತೆ ಅದೇ ಎದುರಾಳಿ, ಮತ್ತೆ ಕಪ್ಪು ಕಾಯಿ. ಇ5 ಆಡುತ್ತೇನೆ. ಈ ಸಲ ಆನೆ ಬೇಗ ಸಿ8ಕ್ಕೆ ಬರುತ್ತದೆ. ನಮಸ್ಕಾರ.