ಇಂಗ್ಲಿಷ್ ಹಿಡಿತಾಳಾ ಮೇಡಂ?

ಕೇಳುಗರಿಗೆ ನಮಸ್ಕಾರ.

ಕಾಲೇಜುಗಳಲ್ಲಿ ಅಡ್ಮಿಷನ್ ನಡೆಯುವ ದಿನಗಳಲ್ಲಿ ನನ್ನ ಕಿವಿಗೆ ಜಾಸ್ತಿ ಬೀಳುವ ಪ್ರಶ್ನೆ ಫೀಸಿನದ್ದಲ್ಲ, ಹಾಸ್ಟೆಲಿನದ್ದೂ ಅಲ್ಲ. "ಮೇಡಂ, ಇವಳು ಕನ್ನಡ ಮೀಡಿಯಂ. ಇಂಗ್ಲಿಷ್ ಹಿಡಿತಾಳಾ?" ಕೇಳುವವರು ಹೊಸನಗರದ ಕಡೆಯ ಅಪ್ಪಯ್ಯನೋ ತೀರ್ಥಹಳ್ಳಿ ಕಡೆಯ ಅಣ್ಣನೋ ಆಗಿರುತ್ತಾರೆ. ಕಂಕುಳಲ್ಲಿ ಒದ್ದೆ ಕೊಡೆ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಾರ್ಕ್ಸ್ ಕಾರ್ಡು. ಹುಡುಗಿ ಪಕ್ಕದಲ್ಲೇ ನಿಂತಿರುತ್ತಾಳೆ. ಅವಳನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ.

ನಾನು ಇಂಗ್ಲಿಷ್ ಪಾಠ ಮಾಡುವವಳು. "ಹಿಡಿತಾಳೆ, ಹೆದರಬೇಡಿ" ಅಂತ ಹೇಳಿ ಕಳಿಸುವುದು ಸುಲಭ. ಆದರೆ ಆ ಪ್ರಶ್ನೆಯನ್ನೇ ಸ್ವಲ್ಪ ಬಿಡಿಸಿ ನೋಡಬೇಕು ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ. ಇಂಗ್ಲಿಷ್ ಅಂದರೆ ಯಾರೋ ಪೂರ್ತಿ ತಯಾರು ಮಾಡಿ ಬೀಗ ಹಾಕಿಟ್ಟ ಪೆಟ್ಟಿಗೆ, ಕೀಲಿಕೈ ಇನ್ಯಾರದ್ದೋ ಸೊಂಟದಲ್ಲಿದೆ ಅನ್ನುವ ಹಾಗೆ ಕೇಳುತ್ತೇವೆ, ಅಲ್ವಾ?

ಮೊದಲು ಆ ಹುಡುಗಿಯನ್ನೇ ನೋಡೋಣ. ಅವಳ ಮನೆಯಲ್ಲಿ ಹವ್ಯಕ ಕನ್ನಡ ಆಡುತ್ತಿರಬಹುದು. ಇಲ್ಲವೇ ಕೊಂಕಣಿ, ತುಳು, ಬ್ಯಾರಿ, ಉರ್ದು, ಲಂಬಾಣಿ. ಭದ್ರಾವತಿಯವಳಾದರೆ ತಮಿಳೋ ತೆಲುಗೋ. ಅಲ್ಲಿಯ ಕಬ್ಬಿಣದ ಕಾರ್ಖಾನೆ ಶುರುವಾದದ್ದು 1923ರಲ್ಲಿ. ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಜನ ಬಂದರು. ಶಿಫ್ಟು, ಫೌಂಡ್ರಿ, ಓಟಿ ಎಂಬ ಮಾತುಗಳು ಅವರ ಅಡುಗೆಮನೆಯವರೆಗೂ ಬಂದವು. ಯಾವ ಇಂಗ್ಲಿಷ್ ಕ್ಲಾಸೂ ಅದನ್ನು ಕಲಿಸಿರಲಿಲ್ಲ.

ಮನೆಮಾತು ಕನ್ನಡವೇ ಆದರೂ ಪುಸ್ತಕದ ಮಾತು ಬೇರೆಯೇ. ಮನೆಯಲ್ಲಿ "ಎಂತ ಮಾಡ್ತಿದ್ದಿ" ಅಂದುಕೊಂಡಿದ್ದವಳು ಶಾಲೆಯಲ್ಲಿ "ಏನು ಮಾಡುತ್ತಿರುವೆ" ಅಂತ ಬರೆಯಲು ಕಲಿತಳು. ಹಲ್ಲು ಬೀಳುವ ವಯಸ್ಸಿಗೇ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿದ್ದಾಳೆ. ಅದನ್ನು ನಾವು ಕಲಿಕೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸರ್ಟಿಫಿಕೇಟ್ ಇಲ್ಲವಲ್ಲ!

ಮನೆಯ ಕಲಿಕೆ ಹೇಗೆ ನಡೆಯುತ್ತದೆ ಅಂತ ಅಡಿಕೆ ಸುಲಿಯುವ ಜಗಲಿಯಲ್ಲಿ ಕೂತವರಿಗೆ ಗೊತ್ತು. ದೀಪಾವಳಿ ಆಸುಪಾಸಿನ ರಾತ್ರಿಗಳು. ಮೆಟ್ಟುಗತ್ತಿ ಹಾಕಿಕೊಂಡು ಕೂತ ಹೆಂಗಸರ ಕೈ ಕಣ್ಣಿನ ಸಹಾಯ ಇಲ್ಲದೆಯೇ ಓಡುತ್ತಿರುತ್ತದೆ. ಮಕ್ಕಳ ಕೈಗೆ ಕತ್ತಿ ಕೊಡುವುದಿಲ್ಲ, ಆರಿಸುವ ಕೆಲಸ ಕೊಡುತ್ತಾರೆ. ಎಳೆಯದು ಒಂದು ಕಡೆ, ಬಲಿತದ್ದು ಒಂದು ಕಡೆ, ಹಣ್ಣಾದದ್ದು ಸಿಪ್ಪೆ ಸಮೇತ ಒಣಗಿಸುವ ಗೋಟಿಗೆ. ಬೇಯಿಸಿ ಒಣಗಿಸಿ ಶಿವಮೊಗ್ಗದ ಮಂಡಿಗೆ ಹೋದ ಮೇಲೆ ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ಒಂದೊಂದಕ್ಕೆ ಒಂದೊಂದು ರೇಟು. ಒಂದರಲ್ಲಿ ಇನ್ನೊಂದು ಬೆರೆತರೆ ದುಡ್ಡು ಹೋಯಿತು ಅಂತಲೇ. ಇಷ್ಟಾದರೂ ಅಜ್ಜಿ ಪಾಠ ಮಾಡುವುದಿಲ್ಲ. ಉಗುರಲ್ಲಿ ಒತ್ತಿ ನೋಡುತ್ತಾಳೆ. ನಮ್ಮ ಬುಟ್ಟಿಯಿಂದ ಒಂದು ಅಡಿಕೆ ಎತ್ತಿ ಪಕ್ಕದ ಬುಟ್ಟಿಗೆ ಹಾಕುತ್ತಾಳೆ. ಹೇಳುತ್ತಿದ್ದ ಕಥೆಯನ್ನು ನಿಲ್ಲಿಸುವುದೂ ಇಲ್ಲ. ನಾವು ಆ ಅಡಿಕೆಯನ್ನು ನೋಡಿಕೊಳ್ಳುತ್ತೇವೆ. ಸುಗ್ಗಿ ಮುಗಿಯುವ ಹೊತ್ತಿಗೆ ಅಜ್ಜಿಯ ಕೈ ನಮ್ಮ ಬುಟ್ಟಿ ಕಡೆ ಬರುವುದು ಕಮ್ಮಿಯಾಗಿರುತ್ತದೆ.

ಇಂಗ್ಲಿಷ್ ಕ್ಲಾಸಿನಲ್ಲಿ ಇದರ ಉಲ್ಟಾ ನಡೆಯುತ್ತದೆ. ಬಾಯಿ ಬಿಡುವ ಮೊದಲೇ ನಿಯಮಗಳ ಪಟ್ಟಿ. ಬಾಯಿ ಬಿಟ್ಟರೆ ಹಿಂದಿನ ಬೆಂಚಿನಿಂದ ನಗು. ಒಂದು ತಪ್ಪಿಗೆ ಇಡೀ ವಾಕ್ಯದ ಮೇಲೆ ಕೆಂಪು ಗೀಟು. ಮರುದಿನದಿಂದ ಆ ಹುಡುಗಿ ಸುಮ್ನೆ ಕೂರುತ್ತಾಳೆ. ಆಮೇಲೆ ನಾವೇ "ಇವರಿಗೆ ಇಂಟರೆಸ್ಟ್ ಇಲ್ಲ" ಅಂತ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತೇವೆ.

ಮಲೆನಾಡಿನಲ್ಲಿ ಮನೆಯೇ ಶಾಲೆಯಾಗಿದ್ದ ಕಾಲ ತೀರಾ ಹಳೆಯದೇನಲ್ಲ. 1904ರಲ್ಲಿ ಹುಟ್ಟಿದ ಕುವೆಂಪು ಅವರಿಗೆ ಮೊದಲ ಪಾಠ ಆದದ್ದು ಕುಪ್ಪಳಿಯ ಮನೆಯಲ್ಲೇ. ದಕ್ಷಿಣ ಕನ್ನಡದ ಕಡೆಯಿಂದ ಒಬ್ಬ ಮೇಷ್ಟರನ್ನು ಕರೆಸಿ ಮನೆಯಲ್ಲಿ ಇಟ್ಟುಕೊಂಡಿದ್ದರು. ಆಮೇಲೆ ತೀರ್ಥಹಳ್ಳಿಯ ಎ.ವಿ., ಅಂದರೆ ಆಂಗ್ಲೋ ವರ್ನಾಕ್ಯುಲರ್ ಸ್ಕೂಲು, ಅಲ್ಲಿಂದ ಮೈಸೂರು. ಮೈಸೂರಿನಲ್ಲಿ ಅವರು ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. ಐರಿಷ್ ಕವಿ ಜೇಮ್ಸ್ ಕಸಿನ್ಸ್ ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದ ಕಥೆ ನಿಮಗೆಲ್ಲ ಗೊತ್ತೇ ಇದೆ. ವೇದಿಕೆಗಳಲ್ಲಿ ಅಲ್ಲಿಗೆ ಚಪ್ಪಾಳೆ ಹೊಡೆದು ಮುಗಿಸುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದರ ಮುಂದಿನದು. ಅವರು ಇಂಗ್ಲಿಷ್ ಓದುವುದನ್ನೇನೂ ಬಿಡಲಿಲ್ಲ. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡಕ್ಕೆ ದುಡಿಸಿಕೊಂಡರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಕಾಲೇಜಿನ ಪಾಠಗಳು ಕನ್ನಡದಲ್ಲೂ ಸಿಗಬೇಕು ಅಂತ ಪಟ್ಟು ಹಿಡಿದು ಪುಸ್ತಕ ಬರೆಸಿದರು.

ಈಗ ಅವರ ಹೆಸರಿನ ವಿಶ್ವವಿದ್ಯಾಲಯವೇ 1987ರಿಂದ ಶಂಕರಘಟ್ಟದಲ್ಲಿದೆ. 2012ರಲ್ಲಿ ಶಿವಮೊಗ್ಗಕ್ಕೆ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೂ ಬಂತು. ತೋಟದ ಮನೆಯ ಮಕ್ಕಳಿಗೆ ವಿಶ್ವವಿದ್ಯಾಲಯ ಒಂದೆರಡು ಬಸ್ಸಿನ ದೂರದಲ್ಲಿದೆ. ತೊಡಕು ಶುರುವಾಗುವುದು ಅದಕ್ಕೂ ಮೊದಲು, ಪಿಯುಸಿಯಲ್ಲಿ. ಎಸ್ಸೆಸ್ಸೆಲ್ಸಿವರೆಗೆ ವಿಜ್ಞಾನ ಕನ್ನಡದಲ್ಲಿ, ರಜೆ ಕಳೆದು ಬಂದರೆ ಎಲ್ಲವೂ ಇಂಗ್ಲಿಷಿನಲ್ಲಿ. ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಹುಡುಗಿ ಹೈಸ್ಕೂಲಿನಲ್ಲಿ "ದ್ಯುತಿಸಂಶ್ಲೇಷಣೆ" ಅಂತ ಉರು ಹೊಡೆದಿರುತ್ತಾಳೆ, ಪಿಯುಸಿಯಲ್ಲಿ "ಫೋಟೋಸಿಂಥೆಸಿಸ್" ಅಂತ ಉರು ಹೊಡೆಯುತ್ತಾಳೆ. ಎರಡೂ ಅವಳ ಮನೆಯ ಮಾತಲ್ಲ. ಎಲೆ ಬಿಸಿಲಿನಲ್ಲಿ ತನ್ನ ಅನ್ನ ತಾನೇ ಮಾಡಿಕೊಳ್ಳುತ್ತದೆ ಅಂತ ಯಾರಾದರೂ ಒಂದು ಸಲ ಸರಿಯಾಗಿ ಹೇಳಿದ್ದರೆ ಎರಡನ್ನೂ ಹಿಡಿಯುತ್ತಿದ್ದಳು. ತಪ್ಪೆಲ್ಲ ಇಂಗ್ಲಿಷಿನದ್ದೇ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಇಂಗ್ಲಿಷಿನ ಕಡೆ ಬರೋಣ. ನಮ್ಮ ಮಕ್ಕಳು ಚಾಕುವಿನ ಸ್ಪೆಲ್ಲಿಂಗ್ ನೋಡಿ "ಕ್ನೈಫ್" ಅಂತ ಓದಿದರೆ ಕ್ಲಾಸು ನಗುತ್ತದೆ. ಆದರೆ ಆರುನೂರು ವರ್ಷದ ಹಿಂದೆ ಇಂಗ್ಲೆಂಡಿನವರೇ ಆ "ಕ" ಹೇಳುತ್ತಿದ್ದರು. 1400ರಲ್ಲಿ ತೀರಿಕೊಂಡ ಅವರ ದೊಡ್ಡ ಕವಿ ಚಾಸರ್ ಕೂಡ ಹಾಗೇ ಹೇಳುತ್ತಿದ್ದ. 1476ರಲ್ಲಿ ಕ್ಯಾಕ್ಸ್‌ಟನ್ ಎಂಬಾತ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಇಟ್ಟ. ಅಚ್ಚಾದ ಪುಸ್ತಕ ಹೆಚ್ಚಿದ ಹಾಗೆ ಸ್ಪೆಲ್ಲಿಂಗ್ ಗಟ್ಟಿಯಾಗುತ್ತಾ ಹೋಯಿತು. ಜನರ ಬಾಯಿ ಮಾತ್ರ ತನ್ನ ಪಾಡಿಗೆ ಬದಲಾಗುತ್ತಲೇ ಇತ್ತು. ಸ್ವರಗಳು ಒಂದರ ಜಾಗಕ್ಕೆ ಒಂದು ಸರಿದವು, ಕೆಲವು ವ್ಯಂಜನಗಳು ಉದುರಿ ಹೋದವು. ಬರೆಯುವುದೊಂದು, ಹೇಳುವುದೊಂದು ಅಂತ ನಾವು ಬೈಯುವ ಗೋಜಲಿನ ದೊಡ್ಡ ಪಾಲು ಬಂದದ್ದು ಹೀಗೆ. ನಕ್ಕವರು ಇದನ್ನೂ ತಿಳಿದುಕೊಂಡು ನಗಬೇಕು.

"ಇಂಗ್ಲಿಷಿನಲ್ಲಿ ಮರ್ಯಾದೆ ಇಲ್ಲ ಮಾರಾಯ್ರೆ, ಎಲ್ಲರಿಗೂ ಏಕವಚನ" ಅನ್ನುವವರು ನಮ್ಮಲ್ಲಿ ತುಂಬಾ ಜನ. ನಿಜ ಏನೆಂದರೆ ಅಲ್ಲೂ "ನೀನು" ಇತ್ತು, "ದೌ" ಅಂತ. "ಯೂ" ಅನ್ನುವುದು ಬಹುವಚನ, ಮರ್ಯಾದೆಯ ಮಾತು. ಎಲ್ಲರಿಗೂ ಮರ್ಯಾದೆ ಕೊಡುತ್ತಾ ಹೋಗಿ ಕೊನೆಗೆ "ನೀನು" ಅನ್ನುವುದನ್ನೇ ದಿನಬಳಕೆಯಿಂದ ಕಳೆದುಕೊಂಡರು. ಇದನ್ನು ಯಾರೂ ಸಭೆ ಸೇರಿಸಿ ತೀರ್ಮಾನ ಮಾಡಲಿಲ್ಲ. ಫ್ರೆಂಚರಿಗೆ ಭಾಷೆ ನೋಡಿಕೊಳ್ಳಲು 1635ರಿಂದ ಒಂದು ಅಕಾಡೆಮಿ ಇದೆ. ಇಂಗ್ಲಿಷಿಗೆ ಅಂಥ ಯಜಮಾನರು ಯಾರೂ ಇಲ್ಲ. ನಿಘಂಟಿನವರು ಜನ ಆಡಿದ್ದನ್ನು ಆಮೇಲೆ ಬರೆದುಕೊಳ್ಳುತ್ತಾರೆ, ಅಷ್ಟೇ. ಆಕ್ಸ್‌ಫರ್ಡ್ ನಿಘಂಟಿನವರು 2016ರಲ್ಲಿ ನಮ್ಮ "ಅಯ್ಯೋ"ವನ್ನೂ ಬರೆದುಕೊಂಡರು. ಅಯ್ಯೋ, ಇಷ್ಟು ತಡವಾಗಿ!

ಅದಕ್ಕಿಂತ ಬಹಳ ಮೊದಲೇ ತೋಟದ ಮಾತು ಅಲ್ಲಿಗೆ ಹೋಗಿತ್ತು. ಇಂಗ್ಲಿಷಿನವರ "ಅರೆಕಾ" ಮಲಯಾಳದಿಂದ ಪೋರ್ಚುಗೀಸರ ಬಾಯಿ ಹಾದು ಹೋದದ್ದು, ನಮ್ಮ ಅಡಿಕೆಯ ದಾಯಾದಿ. ಕೊಳೆರೋಗದ ಸಂಗತಿ ಇನ್ನೂ ಚೆನ್ನಾಗಿದೆ. ಮಳೆಗಾಲದಲ್ಲಿ ಕಾಫಿ ಗಿಡದ ಎಲೆ ಕೊಳೆಸುವ ಶಿಲೀಂಧ್ರವನ್ನು 1876ರಲ್ಲಿ ಇಂಗ್ಲೆಂಡಿನ ಎಂ.ಸಿ. ಕುಕ್ ವರ್ಣಿಸಿದರು. ಅದಕ್ಕೆ ಇಟ್ಟ ಹೆಸರು "ಪೆಲಿಕ್ಯುಲೇರಿಯಾ ಕೊಳೆರೋಗ." ತೋಟದ ಆಳುಗಳು ಕರೆಯುತ್ತಿದ್ದ ಹೆಸರೇ ವೈಜ್ಞಾನಿಕ ಹೆಸರಿನೊಳಗೆ ಸೇರಿತು. ಅಡಿಕೆಯ ಕೊಳೆ ಬೇರೆ ಜಾತಿಯ ಜೀವಿಯಿಂದ ಬರುವುದು, ಫೈಟಾಫ್ತೊರ ಅಂತ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಅಭ್ಯಾಸ ಮಾಡಿ 1910ರಲ್ಲಿ ಇಂಗ್ಲಿಷಿನಲ್ಲಿ ಬರೆದಾಗ, ಅವರೂ ಅದನ್ನು ಕೊಳೆರೋಗ ಅಂತಲೇ ಕರೆದರು. ಕುಕ್ ಇಟ್ಟ ಶಿಲೀಂಧ್ರದ ಹೆಸರನ್ನು ವಿಜ್ಞಾನಿಗಳು ಆಮೇಲೆ ಬದಲಿಸಿದ್ದಾರೆ. ಕೊಳೆರೋಗ ಅನ್ನುವ ಮಾತು ಇಂಗ್ಲಿಷ್ ಪುಸ್ತಕಗಳಲ್ಲಿ ಈಗಲೂ ಇದೆ. ತೋಟಗಾರಿಕೆ ಓದುವ ಹುಡುಗಿಯೊಬ್ಬಳು ಲೈಬ್ರರಿ ಪುಸ್ತಕದಲ್ಲಿ ಇದನ್ನು ಕಂಡು, ಅಚ್ಚಿನ ತಪ್ಪು ಅಂದುಕೊಂಡು ನನಗೆ ತಂದು ತೋರಿಸಿದಳು. ತನ್ನ ಮನೆಯ ಮಾತು ಇಂಗ್ಲಿಷಿನೊಳಗೆ ಇರಬಹುದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಹಾಗಂತ ಏನು ಬರೆದರೂ ನಡೆಯುತ್ತದೆ ಅಂತ ಅಲ್ಲ. ಭಾಷೆ ಬದಲಾಗುತ್ತದೆ ಅನ್ನುವುದು ಸೋಮಾರಿತನಕ್ಕೆ ನೆಪ ಆಗಬಾರದು. ಕೀಟನಾಶಕದ ಡಬ್ಬಿ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪಾದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಬಣ್ಣ ಎಲ್ಲರಿಗೂ ಕಾಣುತ್ತದೆ. ಎಷ್ಟು ನೀರಿಗೆ ಎಷ್ಟು, ಮೈಗೆ ಬಿದ್ದರೆ ಏನು ಮಾಡಬೇಕು ಅನ್ನುವುದು ಸಣ್ಣ ಅಕ್ಷರದಲ್ಲಿರುತ್ತದೆ. ಮಗಳನ್ನು ಡಿಗ್ರಿಗೆ ಕಳಿಸಿದ ಅಪ್ಪಯ್ಯ ಆ ಡಬ್ಬಿಯನ್ನು ಅವಳ ಕೈಗೇ ಕೊಡುತ್ತಾನೆ. ಅಲ್ಲಿ "ಸುಮಾರಾಗಿ ಅರ್ಥ ಆಯ್ತು" ಅಂದರೆ ಆಗುವುದಿಲ್ಲ.

ಇನ್ನೊಂದು ತುದಿಯಲ್ಲಿ ಫೋನು ಇದೆ. ನಮ್ಮ ಕಾಲದಲ್ಲಿ ರಜೆ ಚೀಟಿ ಅಂದರೆ "ಐ ಬೆಗ್ ಟು ಸ್ಟೇಟ್ ದಟ್, ಐ ಆಮ್ ಸಫರಿಂಗ್ ಫ್ರಮ್ ಫೀವರ್." ಕೊನೆಗೆ "ಯುವರ್ಸ್ ಒಬೀಡಿಯಂಟ್ಲಿ." ಕಾಲಿಗೆ ಬಿದ್ದ ಹಾಗೆ ಇರುತ್ತಿತ್ತು. ಈಗ ಹುಡುಗರು ಫೋನಿಗೆ ಕನ್ನಡದಲ್ಲಿ ಹೇಳಿ ಇಂಗ್ಲಿಷ್ ಮೇಲ್ ಬರೆಸುತ್ತಾರೆ. ವ್ಯಾಕರಣ ಚೊಕ್ಕ. ಜ್ವರ ಬಂದು ಮಲಗಿದ ಹುಡುಗ "ಈ ಪತ್ರ ತಲುಪುವಾಗ ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ" ಅಂತ ನನ್ನ ಆರೋಗ್ಯ ವಿಚಾರಿಸುತ್ತಾನೆ. ಓದಿ ನಗು ಬರುತ್ತದೆ, ಆದರೆ ಅದರಲ್ಲಿ ಆ ಹುಡುಗ ಎಲ್ಲೂ ಸಿಗುವುದಿಲ್ಲ. ತಪ್ಪಿದ್ದರೂ ಚಿಂತೆಯಿಲ್ಲ, ಅವನೇ ಬರೆದದ್ದು ನನಗೆ ಬೇಕು. ಬುಟ್ಟಿಯಲ್ಲಿ ಅಡಿಕೆಯೇ ಇಲ್ಲದಿದ್ದರೆ ಯಾವುದನ್ನು ಎತ್ತಿ ಪಕ್ಕಕ್ಕೆ ಹಾಕಲಿ?

ಅದಕ್ಕೇ ಡಿಗ್ರಿಯ ಹೊಸ ಮಕ್ಕಳಿಗೆ ನಾನು ಮೊದಲು ಬರೆಸುವುದು ಮನೆಯಲ್ಲಿ ಕಂಡ ಕೆಲಸವನ್ನು. ಕಳೆದ ಮಳೆಗಾಲದಲ್ಲಿ ವಿಷಯ ಕೊಟ್ಟದ್ದು ಬೋರ್ಡೋ, ಕೊಳೆರೋಗ ಬಾರದಿರಲಿ ಅಂತ ಅಡಿಕೆಗೆ ಹೊಡೆಯುವ ಔಷಧಿ. ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟಗಳಲ್ಲಿ 1885ರ ಹೊತ್ತಿಗೆ ಮಿಲಾರ್ಡೆ ಎಂಬಾತ ಕಂಡುಕೊಂಡ ಔಷಧಿ ಅದು. ನಮ್ಮ ಮಕ್ಕಳಿಗೆ ಬೋರ್ಡೋ ಒಂದು ಊರು ಅಂತಲೇ ಗೊತ್ತಿಲ್ಲ. ಕಲಸುವುದು ಮಾತ್ರ ಗೊತ್ತು. ಒಂದು ಕೆಜಿ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಐವತ್ತು ಲೀಟರ್ ನೀರಿಗೆ, ಒಂದು ಕೆಜಿ ಸುಣ್ಣ ಇನ್ನೈವತ್ತು ಲೀಟರ್ ನೀರಿಗೆ, ಆಮೇಲೆ ಎರಡನ್ನೂ ಸೇರಿಸುವುದು. ಕಬ್ಬಿಣದ ಪಾತ್ರೆ ಆಗುವುದಿಲ್ಲ. ಇದನ್ನು ಇಂಗ್ಲಿಷಿನಲ್ಲಿ, ತೋಟ ನೋಡದವನಿಗೂ ತಿಳಿಯುವ ಹಾಗೆ ಬರೆಯಬೇಕು.

ಬರೆದದ್ದರಲ್ಲಿ ಕಾಲ, ವಚನ ಎಲ್ಲ ಅಲ್ಲಲ್ಲೇ ಬಿದ್ದಿದ್ದವು. ಆದರೆ ವಿಷಯ ಕರಾರುವಾಕ್ಕು. ಗಟ್ಟಿಯಾಗಿ ಓದಿಸಲು ಶುರುಮಾಡಿದೆ. ಸಾಗರದ ಹುಡುಗನೊಬ್ಬ ಸುಣ್ಣದ ನೀರನ್ನು ಮೈಲುತುತ್ತದ ನೀರಿಗೆ ಸುರಿಯಬೇಕು ಅಂತ ಓದಿದ. ಹಿಂದಿನ ಬೆಂಚಿನಲ್ಲಿ ಕೂತಿದ್ದ ತೀರ್ಥಹಳ್ಳಿ ಕಡೆಯ ಹುಡುಗಿ, ಅಲ್ಲಿಯವರೆಗೆ ಕ್ಲಾಸಿನಲ್ಲಿ ಒಂದು ಮಾತೂ ಆಡದವಳು, ಎದ್ದು ನಿಂತು "ನೋ! ರಾಂಗ್! ಕಾಪರ್ ಇಂಟು ಲೈಮ್!" ಅಂದಳು. ಯಾಕೆ ಅಂತ ಅವನು ಕೇಳಿದ. ಉಲ್ಟಾ ಮಾಡಿದರೆ ಮಿಶ್ರಣ ಕೆಡುತ್ತದೆ, ಹೊಳೆಯುವ ಚಾಕು ಅದ್ದಿ ನೋಡು, ಅದರ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ ಎಂದು ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ಉಳಿದದ್ದು ಕೈಸನ್ನೆಯಲ್ಲಿ ವಾದ ಹೂಡಿದಳು. ಅವನೂ ಬಿಡಲಿಲ್ಲ. "ಮೈ ಫಾದರ್ ಆಲ್ವೇಸ್ ಡೂಯಿಂಗ್ ಲೈಕ್ ದಿಸ್ ಓನ್ಲಿ!" "ದೆನ್ ಯುವರ್ ಫಾದರ್ಸ್ ಅಡಿಕೆ ವಿಲ್ ಫಾಲ್!"

ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ. ಮುಂದಿನ ಪೀರಿಯಡ್ಡಿನ ಅರ್ಥಶಾಸ್ತ್ರದ ಮೇಷ್ಟರು ಬಾಗಿಲಿಗೆ ಬಂದು ನಿಂತು, "ಏನು ಮೇಡಂ, ಗಲಾಟೆ?" ಅಂದರು. ಅವರದ್ದೂ ಕೊಪ್ಪದ ಹತ್ತಿರ ತೋಟ ಇದೆ. ವಿಷಯ ಏನು ಅಂತ ಹೇಳಿದ್ದೇ ತಡ, ಹಾಜರಿ ಪುಸ್ತಕ ಮೇಜಿನ ಮೇಲಿಟ್ಟು ಅವರೂ ಹುಡುಗಿಯ ಕಡೆ ಸೇರಿಕೊಂಡರು.

ನಮಸ್ಕಾರ.