ಮರದೊಳಗೆ ತೂರಿದ ಬ್ಯಾರೆಲ್

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು, ಕಣ್ಣು ಎಳೆಯುತ್ತದೆ. ಅದಕ್ಕೇ ನನ್ನದೊಂದು ತಪ್ಪಿನಿಂದ ಶುರು ಮಾಡುತ್ತೇನೆ. ಇನ್ನೊಬ್ಬರ ಎಡವಟ್ಟು ಕೇಳುವಾಗ ಯಾರಿಗೂ ನಿದ್ದೆ ಬರುವುದಿಲ್ಲ, ಅಲ್ವಾ?

ನಾನು ಸೇನೆಯ ತರಬೇತಿಗೆ ಸಿಮ್ಯುಲೇಟರ್, ಅಂದರೆ ನಿಜವಾದ ವಾಹನದ ಬದಲು ಕೂತು ಕಲಿಯುವ ಅಣಕು ಯಂತ್ರ, ಅದರ ಸಾಫ್ಟ್‌ವೇರ್ ಬರೆಯುವವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ತಂಡಕ್ಕೆ ಸಿಕ್ಕಿದ್ದು ಟಿ-72 ಟ್ಯಾಂಕ್ ಓಡಿಸುವುದನ್ನು ಕಲಿಸುವ ಸಿಮ್ಯುಲೇಟರ್. ನಮ್ಮ ಸೇನೆಯಲ್ಲಿ ಈ ಟ್ಯಾಂಕಿಗೆ ಅಜೇಯ ಅಂತ ಹೆಸರು. ಚಾಲಕ ಮುಂದುಗಡೆ, ನಟ್ಟನಡುವೆ, ತಗ್ಗಿನಲ್ಲಿ ಕೂರುತ್ತಾನೆ. ಸ್ಟಿಯರಿಂಗ್ ಚಕ್ರ ಇಲ್ಲ. ಎಡಕ್ಕೊಂದು, ಬಲಕ್ಕೊಂದು ಲಿವರ್. ಮುಂದಕ್ಕೆ ಏಳು ಗೇರ್. ನಾವು ಕೆಸರು, ದಿಬ್ಬ, ಮರಳು ಎಲ್ಲ ಮಾಡಿದ್ದೆವು. ಧೂಳು ಏಳುವುದನ್ನು ನೋಡಿ ನಮಗೆ ನಾವೇ ಬೆನ್ನು ತಟ್ಟಿಕೊಂಡಿದ್ದೆವು.

ಒಂದು ದಿನ ನೋಡಿ ಹೇಳಲು ನಿವೃತ್ತ ರಿಸಾಲ್ದಾರ್ ಒಬ್ಬರು ಬಂದರು, ಕೊಡಗಿನ ಕಡೆಯವರು. ಪದಾತಿ ದಳದಲ್ಲಿ ಸುಬೇದಾರ್ ಅನ್ನುವವರಿಗೆ ಟ್ಯಾಂಕ್ ರೆಜಿಮೆಂಟಿನಲ್ಲಿ ರಿಸಾಲ್ದಾರ್ ಅನ್ನುತ್ತಾರೆ. ಕುದುರೆಗಳು ಹೋದರೂ ಕುದುರೆ ಸವಾರರ ಕಾಲದ ಹೆಸರು ಉಳಿದಿದೆ. ಅವರು ಹತ್ತು ನಿಮಿಷ ಸುಮ್ಮನೆ ಓಡಿಸಿದರು. ಧೂಳಿನ ಬಗ್ಗೆ ಒಂದು ಮಾತಿಲ್ಲ. ಆಮೇಲೆ ಬೇಕಂತಲೇ ಒಂದು ಮರದ ಕಡೆಗೆ ತಿರುಗಿಸಿದರು. ಬ್ಯಾರೆಲ್, ಅಂದರೆ ತೋಪಿನ ಕೊಳವೆ, ಬೆಣ್ಣೆಯೊಳಗೆ ಚಾಕು ಹೋದ ಹಾಗೆ ಮರದೊಳಗೆ ಹೋಯಿತು. ಹಿಂದಕ್ಕೆ ತಂದು ಇನ್ನೊಮ್ಮೆ ನುಗ್ಗಿಸಿದರು. ಮತ್ತೆ ಅದೇ.

ಕೆಳಗಿಳಿದು ನನ್ನನ್ನು ಕೇಳಿದರು: "ಏನಪ್ಪಾ ಇಂಜಿನಿಯರ್ರೇ, ನಿಮ್ಮ ಟ್ಯಾಂಕಿಗೆ ಬ್ಯಾರೆಲ್ ಇಲ್ವಾ?"

"ಇದೆ ಸಾಬ್, ಕಾಣಿಸ್ತಿದೆಯಲ್ಲ" ಅಂದೆ.

"ಕಾಣಿಸುತ್ತೆ. ಆದರೆ ಇಲ್ಲ."

ಆಗಿದ್ದು ಇಷ್ಟು. ಯಾವುದಕ್ಕಾದರೂ ತಾಗಿತೇ ಎಂದು ಲೆಕ್ಕ ಹಾಕಲು ನಾವು ಟ್ಯಾಂಕಿನ ಸುತ್ತ ಕಣ್ಣಿಗೆ ಕಾಣದ ಒಂದು ಪೆಟ್ಟಿಗೆ ಕಟ್ಟಿದ್ದೆವು. ಅದರೊಳಗೆ ಟ್ಯಾಂಕಿನ ಒಡಲು ಮಾತ್ರ ಇತ್ತು. ಒಡಲಿನ ಉದ್ದ ಸುಮಾರು 7 ಮೀಟರ್. ಬ್ಯಾರೆಲ್ ಮುಂದಕ್ಕಿದ್ದರೆ ಒಟ್ಟು ಉದ್ದ 9.5 ಮೀಟರ್. ಅಂದರೆ ಚಾಲಕನ ತಲೆಯ ಮೇಲಿಂದ ಹಾದು ಎರಡೂವರೆ ಮೀಟರ್ ಕೊಳವೆ ಹೊರಗೆ ಚಾಚಿಕೊಂಡಿರುತ್ತದೆ. ನಿಜವಾದ ಟ್ಯಾಂಕಿನಲ್ಲಿ ಅದು ದಿಬ್ಬಕ್ಕೆ ಚುಚ್ಚಿ ಬಾಯಿಗೆ ಮಣ್ಣು ತುಂಬಿಕೊಂಡರೆ, ಆಮೇಲೆ ಗುಂಡು ಹಾರಿಸುವುದು ಒಳಗಿದ್ದವರಿಗೇ ಅಪಾಯ. ನಮ್ಮ ಸಿಮ್ಯುಲೇಟರ್ ಮಾತ್ರ "ಪರವಾಗಿಲ್ಲ, ಹೋಗು" ಅನ್ನುತ್ತಿತ್ತು. ಅಷ್ಟು ಹೊತ್ತಿಗೆ ಒಂದು ಬ್ಯಾಚ್ ಹುಡುಗರು ಅದರಲ್ಲಿ ಕೂತು ಅಭ್ಯಾಸ ಮಾಡಿಯಾಗಿತ್ತು.

ನಮ್ಮ ಕಸುಬಿನಲ್ಲಿ ಇದಕ್ಕೆ ನೆಗೆಟಿವ್ ಟ್ರೈನಿಂಗ್ ಅನ್ನುತ್ತಾರೆ. ಏನೂ ಕಲಿಸದಿದ್ದರೆ ಅಷ್ಟು ನಷ್ಟವಿಲ್ಲ, ತಪ್ಪು ಕಲಿಸಿದರೆ ಕಷ್ಟ. ಕೋಡ್ ಸರಿ ಮಾಡಲು ಅರ್ಧ ದಿನ ಸಾಕಾಯಿತು. ಹುಡುಗರ ಕೈಗೆ ಹತ್ತಿದ ಚಾಳಿ ಬಿಡಿಸಲು ಅವರ ಉಸ್ತಾದರಿಗೆ ಎಷ್ಟು ದಿನ ಹಿಡಿಯಿತೋ, ಕೇಳುವ ಧೈರ್ಯ ನನಗಿರಲಿಲ್ಲ.

ಹಾಗಾದರೆ ಎಲ್ಲವನ್ನೂ ನಿಜದ ಹಾಗೇ ಮಾಡಬೇಕಾ? ಅದೂ ಅಲ್ಲ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಒಂದು ವಿಮಾನ ಸಿಮ್ಯುಲೇಟರ್ ಮಾಡಿದ. ಅವನ ಅಪ್ಪನದು ಆರ್ಗನ್ ವಾದ್ಯ ಮಾಡುವ ಕಾರ್ಖಾನೆ. ನಮ್ಮ ಹಾರ್ಮೋನಿಯಂನ ತಿದಿ ನೆನಪಿಸಿಕೊಳ್ಳಿ. ಅಂಥ ತಿದಿಗಳನ್ನೇ ಮರದ ಪುಟ್ಟ ವಿಮಾನದ ಕೆಳಗೆ ಇಟ್ಟು ಅದನ್ನು ಓಲಾಡಿಸಿದ. 1934ರಲ್ಲಿ ಅಮೆರಿಕದ ಸೇನೆಗೆ ವಿಮಾನದಲ್ಲಿ ಅಂಚೆ ಸಾಗಿಸುವ ಕೆಲಸ ಬಂತು. ಕೆಟ್ಟ ಹವೆಯಲ್ಲಿ ಪೈಲಟ್‌ಗಳು ಸಾಲಾಗಿ ಸತ್ತರು. ಆಗ ಸೇನೆ ಲಿಂಕ್‌ನ ಯಂತ್ರ 6 ಕೊಂಡಿತು. ಮೇಲೆ ಮುಚ್ಚಳ ಹಾಕಿದರೆ ಹೊರಗಿನ ನೋಟವೇ ಇಲ್ಲ! ಬೇಕೂ ಇರಲಿಲ್ಲ. ಏನೂ ಕಾಣದಾಗ ಮೀಟರ್ ನೋಡಿ ಹಾರಿಸುವುದೇ ಅಲ್ಲಿಯ ಪಾಠ. ನನಗೆ ಈ ಯಂತ್ರದ ಮೇಲೆ ಇವತ್ತಿಗೂ ಹೊಟ್ಟೆಕಿಚ್ಚು.

ಆಮೇಲೆ ನಾನು ಹಲವು ಸಿಮ್ಯುಲೇಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸಕ್ಕೆ ಬಂದೆ. ಇದರ ಮೂಲ 1983ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಶುರು ಮಾಡಿದ ಸಿಮ್‌ನೆಟ್ ಅನ್ನುವ ಯೋಜನೆ. ಬೇರೆ ಬೇರೆ ಕಡೆ ಕೂತ ಟ್ಯಾಂಕ್ ಸಿಬ್ಬಂದಿ ಒಂದೇ ರಣರಂಗದಲ್ಲಿ ಅಭ್ಯಾಸ ಮಾಡಬೇಕು. ಆಗಿನ ನೆಟ್‌ವರ್ಕ್ ತೀರಾ ತೆಳು. ಪ್ರತಿ ಟ್ಯಾಂಕೂ ಕ್ಷಣಕ್ಷಣಕ್ಕೂ "ನಾನಿಲ್ಲಿದ್ದೇನೆ" ಅಂತ ಕೂಗುತ್ತಿದ್ದರೆ ತಡೆಯುತ್ತಿರಲಿಲ್ಲ.

ಅದಕ್ಕೆ ಅವರು ಮಾಡಿದ ಉಪಾಯ ನನ್ನಮ್ಮನಿಗೂ ಗೊತ್ತಿತ್ತು. ನಾನು ಬೆಂಗಳೂರಿನಿಂದ ಶಿವಮೊಗ್ಗ ಬಸ್ಸು ಹತ್ತಿ ಒಂದು ಫೋನ್ ಮಾಡಿದರೆ ಸಾಕು. "ಇಷ್ಟು ಹೊತ್ತಿಗೆ ತಿಪಟೂರು ದಾಟಿರ್ತಾನೆ, ಈಗ ಕಡೂರು" ಅಂತ ಅಡುಗೆಮನೆಯಲ್ಲೇ ಲೆಕ್ಕ ಹಾಕುತ್ತಿದ್ದರು. ಬಸ್ಸು ಕೆಟ್ಟು ನಿಂತರೆ ಮಾತ್ರ ಮತ್ತೆ ಫೋನ್. ಇದಕ್ಕೆ ಡೆಡ್ ರೆಕನಿಂಗ್ ಅಂತ ಹೆಸರು. ಪ್ರತಿ ಸಿಮ್ಯುಲೇಟರೂ ಉಳಿದವರ ವೇಗ, ದಿಕ್ಕು ನೋಡಿ ಅವರು ಎಲ್ಲಿರಬಹುದು ಎಂದು ತಾನೇ ಊಹಿಸುತ್ತದೆ. ಉಳಿದವರು ತನ್ನ ಬಗ್ಗೆ ಏನು ಊಹಿಸುತ್ತಿದ್ದಾರೆ ಅನ್ನುವುದನ್ನೂ ಲೆಕ್ಕ ಇಟ್ಟಿರುತ್ತದೆ. ಆ ಊಹೆಗೂ ನಿಜಕ್ಕೂ ಅಂತರ ಜಾಸ್ತಿಯಾದಾಗ ಮಾತ್ರ ಸಂದೇಶ ಕಳಿಸುತ್ತದೆ. ಇದೇ ಮುಂದೆ ಡಿಐಎಸ್ ಅನ್ನುವ ನಿಯಮಾವಳಿಯಾಗಿ, 1993ರಲ್ಲಿ ಐಇಇಇ ಅನ್ನುವ ಇಂಜಿನಿಯರುಗಳ ಸಂಘದ ಮಾನದಂಡವಾಯಿತು. ಅದರಲ್ಲಿ ಇನ್ನೊಂದು ಕಟ್ಟಳೆ ಸೇರಿತ್ತು. ಏನೂ ಬದಲಾಗದೆ ನಿಂತಲ್ಲೇ ನಿಂತಿದ್ದರೂ ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ "ಇದ್ದೀನಿ" ಅನ್ನಬೇಕು. ಅಮ್ಮನಿಗೆ ಇದನ್ನು ಹೇಳಿದಾಗ, "ನಿನಗಿಂತ ಅದೇ ವಾಸಿ" ಅಂದರು.

ಗೇಮ್‌ಗೂ ಇದಕ್ಕೂ ಏನು ವ್ಯತ್ಯಾಸ ಅಂತ ಬಹಳ ಜನ ಕೇಳುತ್ತಾರೆ. ಗೇಮ್ ಆಡುವವನಿಗೆ ಬೇಜಾರಾಗಬಾರದು. ನಮ್ಮಲ್ಲಿ ಬೇಜಾರಾಗಬೇಕಾದ ಕಡೆ ಬೇಜಾರಾಗಲೇಬೇಕು. ಪಕ್ಕದ ಕೋಣೆಯಲ್ಲಿ ಉಸ್ತಾದ್ ಕೂತಿರುತ್ತಾರೆ. ಒಂದು ಬಟನ್ ಒತ್ತಿದರೆ ಮಂಜು, ಇನ್ನೊಂದು ಒತ್ತಿದರೆ ಇಂಜಿನ್ ಬಂದ್.

ಈಗ ಕೋಡ್ ಬರೆಯುವವರು ಹೊಸ ಹುಡುಗ ಹುಡುಗಿಯರು. ನಾನು ಜಾಸ್ತಿ ನೋಡುವುದು, ಕಡಿಮೆ ಬರೆಯುವುದು. ಯಾವ ಹೊಸ ವಾಹನದ ಮಾಡೆಲ್ ಬಂದರೂ ಮೊದಲು ಕೂತು ಒಂದು ಮರ ಹುಡುಕುತ್ತೇನೆ. ಇದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ಮೊನ್ನೆ ನಾನು ಲಿವರ್ ಹಿಡಿಯುವ ಮೊದಲೇ ಅವರಲ್ಲೊಬ್ಬ ಹುಡುಗಿ ಅಂದಳು: "ಸರ್, ಬೇವಿನ ಮರ ಎಡಗಡೆ ಇದೆ. ಬ್ಯಾರೆಲ್ ನಿಲ್ಲುತ್ತೆ, ಕೊಂಬೆನೂ ಅಲ್ಲಾಡುತ್ತೆ."

ಹೋಗಿ ಗುದ್ದಿದೆ. ಕೊಂಬೆ ಅಲ್ಲಾಡಿತು.

ಪ್ರಶ್ನೆಗಳಿದ್ದರೆ ಕೇಳಿ.